ಆರನೇ ಟ್ಯಾಂಕಿನ ಲೆಕ್ಕ

ಕಾಕಾ ಕುಂತದ್ದು ನಾ ಒಂದೇ ಸಲ ನೋಡೀನಿ. ನಾಲ್ಕು ವರ್ಷ ಒಂದೇ ಮಿಲ್ಲಿನಾಗ ಕೆಲಸ ಮಾಡೀವಿ, ಅವರು ಬಾಯ್ಲರ್ ನಡಸೋರು. ಚಾ ನಿಂತು ಕುಡೀತಿದ್ರು. ಬುತ್ತಿ ನಿಂತು ಉಣ್ತಿದ್ರು. ಬುತ್ತಿ ಅಂದ್ರ ಏನು, ಎರಡು ಜ್ವಾಳದ ರೊಟ್ಟಿ ಮಡಚಿ ನಡುವ ಶೇಂಗಾ ಹಿಂಡಿ ಹಾಕ್ಕೊಂಡು ಬಾಯ್ಲರ್ ಸುತ್ತ ತಿರಗಾಡ್ಕೋತ ಕಡಿಯೋದು. "ಕುಂತು ಉಣ್ರಿ ಕಾಕಾ, ಯಾರೂ ಕಸಗೊಳ್ಳಂಗಿಲ್ಲ" ಅಂದ್ರ, "ಕುಂತ್ರ ಪಂಪಿನ ಸಪ್ಪಳ ಬ್ಯಾರೆ ಕೇಳ್ತದ ತಂಗಿ" ಅಂತಿದ್ರು. ಹಂಗೇನಿಲ್ಲ, ನಾ ಕುಂತು ಕೇಳೀನಿ, ಸಪ್ಪಳ ಅದೇ ಸಪ್ಪಳ. ಆ ಮನಷ್ಯಾಗ ಕುಂಡ್ರಾಕ ಬರ್ತಿದ್ದಿಲ್ಲ, ಅಷ್ಟ.

ಹೋದ ವಾರ ಸುರಪುರದಿಂದ ಅವರ ಮಗ ಫೋನ್ ಮಾಡಿದ. "ಅಪ್ಪ ಹೋದ್ರಿ ಮೇಡಂ. ಮಲಗಿದಾಂವ ಮಲಗಿದಂಗ" ಅಂದ. ಸಾವಿನ ಸುದ್ದಿ ಕೇಳಿದ್ರ ಅಳು ಬರಬೇಕು, ನನಗ ಸಿಟ್ಟು ಬಂತು. ಬರೋ ಐತವಾರ ಹೋಗಿ ಮಾತಾಡಿಸ್ಕೊಂಡು ಬರೋಣ, ಬರೋ ಐತವಾರ ಹೋಗೋಣ ಅಂತ, ಅವರು ಮಿಲ್ಲು ಬಿಟ್ಟ ಮ್ಯಾಲ ನಾಲ್ಕು ವರ್ಷ ದೂಡೀನಿ. ಅವರ ಮುಂದ ಒಂದು ಮಾತು ಹೇಳೋದಿತ್ತು. ಹೇಳೋತನ ಆದ್ರೂ ಇರಬಾರದೇನು ಅಂತ ಸಿಟ್ಟು. ಯಾರ ಮ್ಯಾಲ ಅಂತ ಕೇಳಬ್ಯಾಡ್ರಿ.

ಅವರ ಹೆಸರು ಬರಿಯಂಗಿಲ್ಲ. ಮಿಲ್ಲಿನಾಗ ಸಾವಕಾರನಿಂದ ಹಿಡದು ಹಮಾಲರತನ ಎಲ್ಲಾರಿಗೂ ಅವರು ಕಾಕಾ. ಹೆಸರು ಪಗಾರದ ಪಟ್ಟಿಯಾಗ ಮಾತ್ರ ಇತ್ತು.

ಶಹಾಪುರ ದಾಟಿ ಸುರಪುರ ರಸ್ತೆ ಹಿಡದ್ರ ಎಡಕ್ಕ ಬರ್ತದ ನಮ್ಮ ಅಕ್ಕಿ ಮಿಲ್ಲು. ಕೆನಾಲ್ ನೀರು ಬಂದ ಮ್ಯಾಲ ಹುಣಸಗಿ ಕಡಿ ಹೊಲ ಎಲ್ಲಾ ಭತ್ತ ಆಗ್ಯಾವ. ಆ ಭತ್ತ ತಂದು ಬಿಸಿನೀರಾಗ ನೆನಿಸಿ, ಕುದಿಸಿ, ಒಣಗಿಸಿ ಅಕ್ಕಿ ಮಾಡ್ತೀವಿ. ಈ ಕುದಿಸಿದ ಅಕ್ಕಿ ನಮ್ಮ ಕಡಿ ಯಾರೂ ಬಾಯಿಗೆ ಹಾಕಂಗಿಲ್ಲ, ಲಾರಿ ಹತ್ತಿ ಕೇರಳಕ್ಕ ಹೋಗ್ತದ. ನಾ ಯಾದಗಿರಿಯಾಕಿ. ಅಪ್ಪ ಕಚೇರಿಯಾಗ ಗುಮಾಸ್ತ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ದಿನಾ ಮುಂಜಾನಿ ಬಸ್ಸಿನಾಗ ನಿಂತು ಭೀಮಾ ಸೇತುವಿ ದಾಟಿ ಈ ಮಿಲ್ಲಿಗೆ ಬರ್ತಿದ್ದೆ. ಮೊದಲ ದಿನ ಸಾವಕಾರ "ಇವರು ನಮ್ಮ ಹೊಸಾ ಇಂಜಿನಿಯರ್" ಅಂತ ಹೇಳಿದಾಗ ಕಾಕಾ ನನ್ನ ಮುಖ ನೋಡಲಿಲ್ಲ, ಕೈ ನೋಡಿದ್ರು. "ಇನ್ನಾ ಎಲ್ಲೂ ಸುಟ್ಟಿಲ್ಲ" ಅಂದು ಆ ಕಡಿ ಹೋದ್ರು. ಭಾಳ ಸೊಕ್ಕಿನ ಮನಷ್ಯಾ ಅಂದ್ಕೊಂಡೆ. ಖರೇನ ಸೊಕ್ಕಿತ್ತು ಅವರಿಗೆ. ಸತ್ತಾರ ಅಂತ ಅದನ್ನ ಮುಚ್ಚಿಡಂಗಿಲ್ಲ.

ಅವರ ಕೈ ನೋಡಬೇಕಿತ್ತು ನೀವು. ಬೆರಳಿನ ಹಿಂದಿನ ಮೈ ಎಲ್ಲಾ ಕರ್ರಗ, ದಪ್ಪಗ. ಬಾಯ್ಲರಿಂದ ಟ್ಯಾಂಕಿಗೆ ಹೋಗೋ ಪೈಪಿಗೆ ಎಡಗೈ ಹಿಂಬದಿ ಇಡ್ತಿದ್ರು, ಟ್ಯಾಂಕಿನಿಂದ ತಿರುಗಿ ಬರೋ ಪೈಪಿಗೆ ಬಲಗೈ ಇಡ್ತಿದ್ರು, ಬಾಯಾಗ ಎಣಿಸ್ತಿದ್ರು. ಹೋಗೋ ಪೈಪಿನ ಮ್ಯಾಲ ಒಂದು ಅನ್ನೋದ್ರೊಳಗ ಕೈ ತಗೀಬೇಕು, ಬರೋ ಪೈಪಿನ ಮ್ಯಾಲ ಎರಡು ಅನ್ನೋತನ ತಡೀತದ. "ಎಪ್ಪತ್ತೈದು ಹೋಗಾಕತ್ತದ, ಅರವತ್ತೈದು ಬರಾಕತ್ತದ. ಬರೋಬ್ಬರಿ ಅದ" ಅಂತಿದ್ರು. ನಾ ಓಡಿ ಹೋಗಿ ಥರ್ಮಾಮೀಟರ್ ನೋಡಿದ್ರ ಒಂದು ಡಿಗ್ರಿ ಹೆಚ್ಚು ಕಡಿಮಿ. ಗಡಿಯಾರ ಸೈತ ಒಳಗೈ ಕಡಿ ತಿರುಗಿಸಿ ಕಟ್ಕೊಂಡಿದ್ರು, ಪೈಪು ಮುಟ್ಟುವಾಗ ಗಾಜಿಗೆ ಬಿಸಿ ತಾಗಬಾರದು ಅಂತ. ದಿನಕ್ಕ ಎಷ್ಟು ಸಲ ಮುಟ್ಟತಿದ್ರೋ, ದೇವರಿಗೇ ಗೊತ್ತು. ಬಾಯ್ಲರಿಂದ ಕಡೀ ಟ್ಯಾಂಕಿಗೆ, ಕಡೀ ಟ್ಯಾಂಕಿನಿಂದ ಬಾಯ್ಲರಿಗೆ. ಅವರ ಹಿಂದ ತಿರುಗಿ ನನ್ನ ಕಾಲು ಸೇದೋವು.

ನನಗೂ ತಡ್ಕೊಳ್ಳೋ ಗುಣ ಕಡಿಮಿ. ಅದಕ್ಕ ಇಬ್ಬರಿಗೂ ದಿನಾ ತಕರಾರು ಆಗ್ತಿತ್ತು. ಒಂದು ದಿನ ನಾ ನೋಟ್‌ಬುಕ್ ಇಟ್ಕೊಂಡು, ಸಾವಕಾರ ತರಸಬೇಕಂತಿದ್ದ ದೊಡ್ಡ ಬಾಯ್ಲರಿಗೆ ತಾಸಿಗೆ ಎಷ್ಟು ನೀರು ಹರೀಬೇಕು ಅನ್ನೋ ಲೆಕ್ಕ ಮಾಡಾಕತ್ತಿದ್ದೆ. ಕಾಲೇಜಿನಾಗ ಹೇಳಿದಂಗ ಅಕ್ಷರ ಹಾಕಿ, ಭಾಗಾಕಾರ ಗುಣಾಕಾರ ಹಾಕಿ, ಎರಡು ಪುಟ ತುಂಬಿತ್ತು. ಕಾಕಾ ಬಗ್ಗಿ ನೋಡಿ ನಕ್ಕರು. "ನೀರು ಅಂದ್ರ ಹಮಾಲ ಅಂತ ತಿಳಕೋ" ಅಂದ್ರು. "ಬಾಯ್ಲರಿನಾಗ ಬಿಸಿ ಹೊತ್ಕೊಳ್ತದ, ಟ್ಯಾಂಕಿನಾಗ ಇಳಸ್ತದ, ಖಾಲಿ ಬೆನ್ನಿಲೆ ತಿರುಗಿ ಬರ್ತದ. ಒಂದು ಲೀಟರು ಒಂದು ಡಿಗ್ರಿ ಇಳಿಸಿ ಬಂತಂದ್ರ ಒಂದು ಕಿಲೋಕ್ಯಾಲರಿ ಇಳಿಸಿತು. ಹೊಸಾ ಬಾಯ್ಲರ್ ತಾಸಿಗೆ ಒಂದು ಲಕ್ಷ ಇಪ್ಪತ್ತು ಸಾವಿರ ಕೊಡ್ತದ. ನಿನಗ ಹತ್ತು ಡಿಗ್ರಿಗಿಂತ ಹೆಚ್ಚಿಗಿ ಇಳೀಬಾರದು. ಹಂಗಿದ್ರ ಎಷ್ಟು ಲೀಟರು ತಿರಗಬೇಕು?"

"ಹನ್ನೆರಡು ಸಾವಿರ" ಅಂದೆ.

"ನಿನ್ನ ಎರಡು ಪುಟದ ಕೊನಿಗೂ ಅದೇ ಬಂದಿರಬೇಕು ನೋಡು."

ಅದೇ ಬಂದಿತ್ತು. ಹೊಟ್ಟಿ ಉರೀತು ನನಗ. ಆದ್ರ ಅವತ್ತಿನಿಂದ ಆ ಲೆಕ್ಕ ತಲಿಯಾಗ ಕುಂತದ್ದು ಇವತ್ತಿಗೂ ಎದ್ದಿಲ್ಲ. ಹಮಾಲರು ಕಡಿಮಿ ಇದ್ರ ಒಬ್ಬೊಬ್ಬಂವ ಹೆಚ್ಚಿಗಿ ಹೊರಬೇಕಾಗ್ತದ. ನೀರು ಕಡಿಮಿ ಹರದ್ರ ಒಂದೊಂದು ಲೀಟರು ಹೆಚ್ಚಿಗಿ ಬಿಸಿ ಕಳಕೊಂಡು ಬರ್ತದ, ಅಂದ್ರ ಟ್ಯಾಂಕಿನ ತಳಕ್ಕ ಹೋಗೋದ್ರೊಳಗ ತಣ್ಣಗಾಗಿರ್ತದ. ತಳದ ಭತ್ತ ಬಿಸಿ ಸಾಲದ ನೀರಾಗ ಏಳೆಂಟು ತಾಸು ಬಿತ್ತಂದ್ರ ಹುಳಿ ಬರ್ತದ. ಹುಳಿ ಬಂದ ಭತ್ತದ ಅಕ್ಕಿ ಕುದಿಸಿದ್ರೂ ವಾಸನಿ ಹೋಗಂಗಿಲ್ಲ.

ಈಗ ನೀರು ತುಂಬೋ ಒಂದು ಕೊಡದ ಮಾತಿಗೆ ಬರ್ತೀನಿ.

ನಾ ಸೇರಿದ ಎರಡು ವರ್ಷಕ್ಕ ಸಾವಕಾರ ಮಿಲ್ಲು ದೊಡ್ಡದು ಮಾಡಿದ. ಬಾಯ್ಲರ್ ದೊಡ್ಡದು ಕೂಡ್ರಿಸಿದ, ನಾಲ್ಕಿದ್ದ ಟ್ಯಾಂಕ್ ಆರು ಮಾಡಿದ. ಪಂಪ್ ಮಾತ್ರ ಹಳೇದು. ನಾ ಹೇಳ್ದೆ, ನಾಲ್ಕು ಟ್ಯಾಂಕಿಗೆ ತಂದ ಪಂಪು ಆರಕ್ಕ ಸಾಲಂಗಿಲ್ಲ, ಬದಲು ಮಾಡ್ರಿ ಅಂತ. ಕಾಕಾಗ ಇದು ಸರಿ ಬರಲಿಲ್ಲ. ಆ ಪಂಪಿನ ಒಳಗಿನ ಚಕ್ರ ಅದರ ಹಿಂದಿನ ವರ್ಷ ಅವರ ಕೈಯಾರೆ ಬದಲು ಮಾಡಿದ್ರು, ಅದರ ಮ್ಯಾಲ ಅವರಿಗೆ ಮಗನ ಮ್ಯಾಲಿದ್ದಂಥಾ ಮಮಕಾರ. "ಹಳೇ ಪಂಪು ಎಷ್ಟು ಕೊಡ್ತದ ಅಂತ ಅಳದು ನೋಡೋಣ, ಆಮ್ಯಾಲ ಮಾತು" ಅಂದ್ರು. ನನಗೂ ಅದು ಬರೋಬ್ಬರಿ ಅನಿಸ್ತು.

ಅಳಿಯೋದು ಸುಲಭ. ಆರೂ ಟ್ಯಾಂಕಿನ ತಳದಿಂದ ತಿರುಗಿ ಬರೋ ಪೈಪುಗಳು ಒಂದು ಸಿಮೆಂಟಿನ ತೊಟ್ಟಿಗೆ ಬಂದು ಬೀಳ್ತಾವ, ಅಲ್ಲಿಂದ ಪಂಪು ಎಳ್ಕೊಳ್ತದ. ಪೈಪಿನ ಬಾಯಿಗೆ ಕೊಡ ಹಿಡಿಯೋದು, ಎಷ್ಟು ಸೆಕೆಂಡಿಗೆ ತುಂಬಿತು ಅಂತ ನೋಡೋದು. ನಮ್ಮ ಕಡಿ ನೀರಿನ ಲೆಕ್ಕ ಎಲ್ಲಾ ಕೊಡದಾಗ. ನಳ ಬಂದ್ರ ಎಷ್ಟು ಕೊಡ ಸಿಕ್ಕಿತು ಅಂತೀವಿ, ಮದುವಿಗೆ ಎಷ್ಟು ಕೊಡ ಬೇಕು ಅಂತೀವಿ. ಕೊಡ ಅಂದ್ರ ಹದಿನೈದು ಲೀಟರು. ಯಾರು ಹೇಳಿದ್ರು, ಯಾವಾಗ ಹೇಳಿದ್ರು, ಗೊತ್ತಿಲ್ಲ. ನಮ್ಮವ್ವಗ ಕೇಳ್ರಿ, ಹದಿನೈದು ಅಂತಾಳ. ಟ್ಯಾಂಕರಿನಾಂವಗ ಕೇಳ್ರಿ, ಹದಿನೈದು ಅಂತಾನ.

ಕಾಕಾ ಅಟ್ಟದ ಮ್ಯಾಲ ನೀರು ಬಿಡೋ ವಾಲ್ ಹತ್ರ ನಿಂತ್ರು, ನಾ ಕೆಳಗ ತೊಟ್ಟಿ ಹತ್ರ. ಮಿಲ್ಲಿನ ಹಿತ್ತಾಳಿ ಕೊಡ ನನ್ನ ಕೈಯಾಗಿತ್ತು. ಬಿಸಿನೀರು ಬಿದ್ದ ಕೂಡಲೆ ಅದರ ಕಂಠ ಕಾದು ನನ್ನ ಬೆರಳು ಸುಟ್ಟು ಬೊಬ್ಬಿ ಬಂತು. ಕೊಡ ಅಲ್ಲೇ ಒಗದೆ. ಟ್ಯಾಂಕಿನ ಕೆಲಸದ ಸಾಬಮ್ಮ ಕುಡಿಯೋ ನೀರಿಗೆ ಅಂತ ಒಂದು ಹಸರು ಪ್ಲಾಸ್ಟಿಕ್ ಕೊಡ ತಂದು ಇಟ್ಟಿದ್ಲು. ಅದನ್ನ ತಗೊಂಡು ನೀರು ಚೆಲ್ಲಿ ಪೈಪಿಗೆ ಹಿಡದೆ. ಸಾಬಮ್ಮ ಅಲ್ಲೇ ಕಸಬರಿಗಿ ಹಿಡಕೊಂಡು ನಿಂತಿದ್ಲು.

ಮ್ಯಾಲಿಂದ ಕಾಕಾ ಕೂಗಿದ್ರು, "ಸಪ್ಪಳ ಬ್ಯಾರೆ ಆತಲ್ಲ ತಂಗಿ. ಕೊಡ ಬದಲು ಮಾಡಿದಿ ಏನು?"

"ಹೌದ್ರಿ ಕಾಕಾ. ಹಿತ್ತಾಳಿ ಸುಡಾಕತ್ತದ. ಇದು ಪ್ಲಾಸ್ಟಿಕ್ಕಿಂದು."

"ಎಷ್ಟು ಹಿಡೀತದ ಅದು?"

"ಕೊಡ ಕೊಡನ ಅಲ್ಲೇನ್ರಿ? ಹದಿನೈದು."

ಅವರು ಮ್ಯಾಲಿಂದ ಬಗ್ಗಿ ಕೊಡ ನೋಡಿದ್ರು. ಆಮ್ಯಾಲ "ಬರ್ಕೋ" ಅಂದ್ರು.

ಬರಕೊಂಡೆ. ಒಂದೊಂದು ಪೈಪಿಗೂ ಹೆಚ್ಚು ಕಡಿಮಿ ಇಪ್ಪತ್ತೇಳು ಸೆಕೆಂಡಿಗೆ ಕೊಡ ತುಂಬಿತು. ಇಪ್ಪತ್ತೇಳು ಸೆಕೆಂಡಿಗೆ ಹದಿನೈದು ಲೀಟರು ಅಂದ್ರ ತಾಸಿಗೆ ಎರಡು ಸಾವಿರ. ಆರು ಪೈಪಿಗೆ ಹನ್ನೆರಡು ಸಾವಿರ. ಹೊಸಾ ಬಾಯ್ಲರಿಗೆ ಬೇಕಾದದ್ದೂ ಅಷ್ಟೇ. ಕಾಕಾ ಕೆಳಗ ಇಳದು ಬಂದು ಪಂಪಿನ ಬೆನ್ನು ತಟ್ಟಿದ್ರು, ನನ್ನ ಕಡಿ ನೋಡಿ ನಕ್ಕರು. ನನ್ನ ಮಾತು ಸುಳ್ಳಾತು ಅಂತ ನನಗ ನಾಚಿಕಿ. ಮತ್ತೊಮ್ಮೆ ಅಳದು ನೋಡೋಣ ಅಂತ ಅನ್ನೋ ಮುಖ ಇರಲಿಲ್ಲ. ಪಂಪು ಹಳೇದೇ ಉಳೀತು.

ಮೊದಲ ಎರಡು ತಿಂಗಳು ಭತ್ತ ಕಡಿಮಿ ಇತ್ತು, ಹೊಸಾ ಟ್ಯಾಂಕು ತುಂಬಲೇ ಇಲ್ಲ, ಏನೂ ತ್ರಾಸಾಗಲಿಲ್ಲ. ಸುಗ್ಗಿ ಬಂತು. ಆರೂ ಟ್ಯಾಂಕು ಕಂಠಮಟ ತುಂಬಿದ್ವು. ಅದೇ ಹೊತ್ತಿಗೆ ಕಾಕಾ ಕಣ್ಣಿನ ಆಪರೇಷನ್ ಅಂತ ಹದಿನೈದು ದಿನ ಸುರಪುರಕ್ಕ ಹೋದ್ರು. ಡಾಕ್ಟರು ಮಲ್ಕೋರಿ ಅಂದ್ರ ಮಲ್ಕೊಳ್ಳೋ ಪೈಕಿ ಅಲ್ಲ. ದಿನಾ ಎರಡು ಸಲ ನನಗ ಫೋನು. "ಹೋಗೋದು ಎಷ್ಟು, ಬರೋದು ಎಷ್ಟು?" ನಾ "ಎಲ್ಲಾ ಆರಾಮ ಅದ ಕಾಕಾ, ನೀವು ಕಣ್ಣು ಮುಚ್ಕೊಂಡು ಸುಮ್ನ ಮಲಗ್ರಿ" ಅಂತಿದ್ದೆ. ಆರಾಮ ಇರಲಿಲ್ಲ. ಬಾಯ್ಲರಿನ ಬುಕ್ಕಿನಾಗ ನಾನೇ ದಿನಾ ಬರೀತಿದ್ದೆ, ಹೋಗೋದು ಎಪ್ಪತ್ತೈದು, ಬರೋದು ಅರವತ್ತು, ಆರನೇದು ಐವತ್ತಾರು. ಥಂಡಿ ಕಾಲ, ಆರನೇ ಟ್ಯಾಂಕು ದೂರ, ಪೈಪು ಉದ್ದ, ಅದಕ್ಕ ಹಂಗ ಅಂತ ನನಗ ನಾನೇ ಸಮಾಧಾನ ಹೇಳ್ಕೊಂಡೆ.

ಹತ್ತನೇ ದಿನ ಒಂದು ಲಾರಿ ಅಕ್ಕಿ ವಾಪಸ್ ಬಂತು. ಹುಳಿ ವಾಸನಿ. ಸಾವಕಾರ ಮೂಗಿಗೆ ಹಿಡದು ನೋಡಿ ಚೀಲಾನೇ ಒದ್ದ. ಎಲ್ಲಾ ಆರನೇ ಟ್ಯಾಂಕಿನ ಮಾಲು. ಟ್ಯಾಂಕು ತೊಳಿಯಾಕಿ ಸಾಬಮ್ಮ. ಹಳೇ ನೀರು ಪೂರಾ ಬಿಡಲಾರದ, ತಳ ತೊಳಿಲಾರದ ಹೊಸಾ ಭತ್ತ ಹಾಕಿಸ್ಯಾಳ ಅಂತ ತೀರ್ಪಾತು. ಆಕಿ ಅಂದ್ಲು, "ನಾ ತೊಳದೀನ್ರಿ ಸಾವಕಾರ. ಒಳಗ ಇಳದು ತಳ ತಿಕ್ಕೀನಿ. ಬೇಕಾದ್ರ ಇವರನ್ನ ಕೇಳ್ರಿ." ಇವರು ಅಂದ್ರ ನಾನು. ಆಕಿ ತೊಳೆಯೋದು ನಾ ದಿನಾ ನೋಡೀನಿ. "ತೊಳದಾಳ್ರಿ" ಅಂದೆ. "ಮತ್ತ ವಾಸನಿ ಆಕಾಶದಿಂದ ಬಿತ್ತೇನು?" ಅಂದ ಸಾವಕಾರ. ಶನಿವಾರ ಕೂಲಿ ತಗೊಂಡು ಮನಿಗೆ ಹೋಗು, ಮತ್ತ ಬರಬ್ಯಾಡ ಅಂದ ಆಕಿಗೆ.

ಸಾಬಮ್ಮಗ ಆಗ ನಲವತ್ತೈದರ ಮ್ಯಾಲ. ಗಂಡ ಇಲ್ಲ. ಮಿಲ್ಲಿನ ಹಿಂದಿನ ಖೋಲಿಯಾಗ ಇರ್ತಿದ್ಲು. ಕೆಲಸ ಹೋದ್ರ ಖೋಲಿನೂ ಹೋಯ್ತು, ತವರಿಗೆ ಹೋಗಿ ಅಣ್ಣನ ಮನಿ ಪಡಸಾಲಿಯಾಗ ಬೀಳಬೇಕು. ಅದಕ್ಕಿಂತ ಹೆಚ್ಚಿಗಿ ಆಕಿಗೆ ಚುಚ್ಚಿದ್ದು ಬ್ಯಾರೆ. ಹಮಾಲರಾಗ ಅರ್ಧಾ ಮಂದಿ ಆಕಿ ತವರು ಕೆಂಭಾವಿಯವರೇ. ಎರಡು ದಿನದಾಗ ಸುದ್ದಿ ಊರು ಮುಟ್ಟಿತು, ಸಾಬಮ್ಮ ಮೈಗಳ್ಳತನ ಮಾಡಿ ಸಾವಕಾರನ ಲಾರಿ ಮಾಲು ಕೆಡಸ್ಯಾಳ ಅಂತ.

ಗುರುವಾರ ಕಾಕಾ ಸುದ್ದಿ ಕೇಳಿ ಕರಿ ಕನ್ನಡಕ ಹಾಕ್ಕೊಂಡು ಬಂದ್ರು. ಇನ್ನಾ ಮೂರು ದಿನ ರಜಾ ಇತ್ತು. ಸೀದಾ ಹೋಗಿ ಬರೋ ಪೈಪಿಗೆ ಕೈ ಇಟ್ರು. ಒಂದು, ಎರಡು, ಮೂರು, ನಾಲ್ಕು, ಐದು. ಐದು ಎಣಿಸಿದ್ರೂ ಕೈ ತಗೀಲಿಲ್ಲ. ನನ್ನ ಕಡಿ ತಿರುಗಿ, "ತಂಗಿ, ಇದು ಆರಾಮ ಏನು?" ಅಂದ್ರು.

ಆಮ್ಯಾಲ ಶುರು ಆತು ತಿರಗಾಟ. ಗುರುವಾರ ಪೂರಾ, ಶುಕ್ರವಾರ ಸಂಜಿತನ. ವಾಲ್ ಬಿಚ್ಚಿದ್ರು, ಜಾಳಿಗಿ ತಗದ್ರು, ಪ್ರತಿ ಪೈಪು ಬಡದು ಸಪ್ಪಳ ಕೇಳಿದ್ರು. ಕಣ್ಣಿನಾಗ ನೀರು ಸುರೀತಿತ್ತು, ಅಂಗಿ ತೋಳಿಲೆ ಒರಸ್ಕೊಂತಿದ್ರು. ನಡುನಡುವ ಸಾಬಮ್ಮನ ಕಡಿ ನೋಡ್ತಿದ್ರು. ಆಕಿ ತನ್ನ ಕೆಲಸ ಮಾಡ್ತಿದ್ಲು. ಖೋಲಿ ಬಾಗಲದಾಗ ಆಕಿ ಗಂಟು ಕಟ್ಟಿ ಇಟ್ಟದ್ದು ಎಲ್ಲಾರಿಗೂ ಕಾಣ್ತಿತ್ತು.

ಶುಕ್ರವಾರ ಸಂಜಿಮುಂದ ಬಾಯ್ಲರ್ ಮುಂದ ನಿಂತು ನನ್ನ ಕರದ್ರು. "ಹದಿನೈದು ಡಿಗ್ರಿ ಇಳದು ಬರಾಕತ್ತದ. ನಿನ್ನ ಲೆಕ್ಕದಂಗ ಹನ್ನೆರಡು ಸಾವಿರ ಲೀಟರು ತಿರಗಾಕತ್ತದ. ಹಂಗಾದ್ರ ಬಾಯ್ಲರ್ ಎಷ್ಟು ಕೊಡಬೇಕು?"

ಗುಣಿಸಿದೆ. "ಒಂದು ಲಕ್ಷ ಎಂಬತ್ತು ಸಾವಿರ."

"ಅಷ್ಟು ಕೊಡಬೇಕಂದ್ರ ತಾಸಿಗೆ ಮೂರು ಚೀಲ ಹೊಟ್ಟು ಸುಡಬೇಕು. ನಾವು ಸುಡೋದು ಎರಡು. ಅಂದ್ರ ಬಾಯ್ಲರ್ ಕೊಡಾಕತ್ತದ್ದು ಒಂದು ಲಕ್ಷ ಇಪ್ಪತ್ತೇ. ಹೌದಿಲ್ಲೋ?"

"ಹೌದ್ರಿ."

"ಒಂದು ಲಕ್ಷ ಇಪ್ಪತ್ತನ್ನ ಹದಿನೈದಕ್ಕ ಭಾಗಿಸು."

ಎಂಟು ಸಾವಿರ ಲೀಟರು, ನಾವು ಅಳದದ್ದು ಹನ್ನೆರಡು. ನಾ ಬಾಯಿ ಬಿಟ್ಟು ಹೇಳೋದ್ರೊಳಗ ಅವರು ಹೊರಗ ಹೋಗಿದ್ರು. ಸಾಬಮ್ಮನ ಹಸರು ಕೊಡ ಮತ್ತು ಒಂದು ಲೀಟರಿನ ನೀರಿನ ಬಾಟ್ಲಿ ತಗೊಂಡು ಬಂದ್ರು. ತುಂಬಿ ಸುರದ್ರು, ತುಂಬಿ ಸುರದ್ರು. ಹತ್ತನೇ ಬಾಟ್ಲಿಗೆ ಕೊಡ ತುಂಬಿ ನೀರು ಅಂಚಿಗೆ ಬಂತು. ನಾ ಮತ್ತೊಮ್ಮೆ ನಾನೇ ಅಳದೆ. ಹತ್ತೇ. ನೋಡಾಕ ಹಿತ್ತಾಳಿ ಕೊಡದಷ್ಟೇ ದೊಡ್ಡದು, ತಳ ಒಳಗ ಸೇದಿತ್ತು, ಹೊಟ್ಟಿ ಸಣ್ಣದು. ನಾಲ್ಕು ಟ್ಯಾಂಕಿನ ಪಂಪು ನಾಲ್ಕು ಟ್ಯಾಂಕಿಗೆ ಸಾಲೋವಷ್ಟೇ ನೀರು ತಿರಗಸ್ತಿತ್ತು. ಸಾಬಮ್ಮ ಟ್ಯಾಂಕು ತೊಳದಿದ್ಲು. ನಮ್ಮ ನೀರೇ ತಳ ಮುಟ್ಟೋದ್ರೊಳಗ ತಣ್ಣಗಾಗ್ತಿತ್ತು.

ಆಗ ನಾ ಅಂದ ಮಾತು ಇದು, ಒಂದಕ್ಷರ ಬಿಡಲಾರದ ಬರೀತೀನಿ. "ಕಾಕಾ, ಸುಮ್ನ ದೊಡ್ಡ ಪಂಪು ಕೂಡ್ರಿಸೋಣ. ಹಳೇದು ಸವದದ ಅಂದ್ರ ಆತು. ವಾಸನಿ ತಾನ ನಿಲ್ತದ. ಈ ಕೊಡದ ಮಾತು ಯಾಕ ಬೇಕು?"

"ಸಾಬಮ್ಮ?"

"ಅಕ್ಕಿ ಸರಿ ಆದ ಮ್ಯಾಲ ಸಾವಕಾರ ಮರೀತಾನ ತಗೋರಿ."

"ಮರೀತಾನ. ನಾಳೆ ಆಕಿ ಗೇಟ್ ದಾಟಿದ ಮ್ಯಾಲ ಮರೀತಾನ" ಅಂದ್ರು. ಬೈಲಿಲ್ಲ. ಬೈದಿದ್ರ ಚಲೋ ಇತ್ತು.

ಶನಿವಾರ ಮುಂಜಾನಿ ಆಫೀಸ್ ಮುಂದ ಸಾವಕಾರ ಕೂಲಿ ಹಂಚಾಕ ಕುಂತಿದ್ದ. ಅಕ್ಕಿ ತಗೊಳ್ಳೋ ದಲಾಲ ಇದ್ದ, ಹಮಾಲರು ಸಾಲಾಗಿ ನಿಂತಿದ್ರು, ಕಡೀಕ ಸಾಬಮ್ಮ. ಕಾಕಾ ಎಲ್ಲಾರ ನಡುವ ಕೊಡ ಇಟ್ಟು ಹತ್ತು ಬಾಟ್ಲಿ ಸುರದ್ರು. ಒಂದೊಂದೂ ದೊಡ್ಡ ದನಿಲೆ ಎಣಿಸಿದ್ರು. ಹತ್ತಕ್ಕ ತುಂಬಿದಾಗ ಹೇಳಿದ್ರು, "ಸಾವಕಾರ, ಇದು ಹದಿನೈದು ಹಿಡೀತದ ಅಂತ ತಿಳದು ನಾ ನೀರು ಅಳದೆ. ಕೊಡ ಹಿಡದಾಂವ ನಾ, ಲೆಕ್ಕ ಬರಸಿದಾಂವ ನಾ. ಈ ಹುಡುಗಿ ಪಂಪು ಬದಲು ಮಾಡ್ರಿ ಅಂತ ಮೊದಲೇ ಹೇಳಿತ್ತು, ನಾ ಕೇಳಲಿಲ್ಲ. ಸಾಬಮ್ಮಂದು ಇದರಾಗ ಏನೂ ತಪ್ಪಿಲ್ಲ."

ನಾ ಅವರಿಂದ ನಾಲ್ಕು ಹೆಜ್ಜಿ ದೂರ ನಿಂತಿದ್ದೆ. ಸುಟ್ಟ ಬೊಬ್ಬಿ ಎಂದೋ ಮಾಯ್ದಿತ್ತು, ಕಲಿ ಇನ್ನಾ ಇತ್ತು. ಕೊಡ ಹಿಡದಾಕಿ ನಾನ್ರಿ ಅಂತ ಅನ್ನಾಕ ಎಷ್ಟು ಹೊತ್ತು ಬೇಕು? ಅನ್ನಲಿಲ್ಲ. ಮನಿಯಾಗ ನನ್ನ ಪಗಾರದ ಮ್ಯಾಲ ಏನೇನು ನಡೀತಿತ್ತು ಅಂತ ಹೇಳಿ ನಿಮ್ಮ ಕಡಿಂದ ಮಾಫಿ ತಗೊಳ್ಳಂಗಿಲ್ಲ. ಅಂಜಿದೆ, ಅಷ್ಟ.

ಸಾವಕಾರ ಕೈಯಾಗಿನ ಕೂಲಿ ರೊಕ್ಕ ಕೆಳಗ ಇಟ್ಟ. ಆಮ್ಯಾಲ ಎದ್ದು ಬಂದು ಕಾಕಾನ ಹೆಗಲ ಮ್ಯಾಲ ಕೈ ಇಟ್ಟ. "ತಪ್ಪು ಒಪ್ಕೊಳ್ಳೋರು ಈ ಕಾಲದಾಗ ಎಲ್ಲಿ ಸಿಗ್ತಾರ" ಅಂದ. ದಲಾಲ ಸೈತ ಗೋಣು ಹಾಕಿದ. ಹಮಾಲರು ಕಾಕಾ ಅಂದ್ರ ಕಾಕಾ ಅಂತ ಮಾತಾಡ್ಕೊಂಡ್ರು. ಸಾವಕಾರ ಸಾಬಮ್ಮಗ "ನೀ ಕೆಲಸಕ್ಕ ಹೋಗು" ಅಂದ. ಜೊತಿಗೇ ಇನ್ನೊಂದು ಮಾತು ಅಂದ, ಇನ್ಮ್ಯಾಲ ಬಾಯ್ಲರಿನ ಲೆಕ್ಕ ಎಲ್ಲಾ ಮೇಡಂ ನೋಡ್ತಾರ, ಬುಕ್ಕಿಗೆ ಸಹಿ ಅವರದು, ಕಾಕಾ ಅವರು ಹೇಳಿದಂಗ ನಡಸಬೇಕು. ಇಪ್ಪತ್ತು ವರ್ಷ ಆ ಬುಕ್ಕಿಗೆ ಸಹಿ ಮಾಡಿದ ಮನಷ್ಯಾ "ಹೂಂ" ಅಂದ್ರು. ನಾನೂ ಹೂಂ ಅಂದೆ.

ಎಲ್ಲಾರೂ ಚದರಿದ ಮ್ಯಾಲ ಕಾಕಾ ಸಾಬಮ್ಮನ ಹತ್ರ ಹೋದ್ರು. ಆಕಿ ಬಾಗಲದಾಗಿನ ಗಂಟು ಬಿಚ್ಚಾಕತ್ತಿದ್ಲು. "ಸಾಬಮ್ಮಾ, ತಪ್ಪಾತವ್ವ" ಅಂದ್ರು. ಆಕಿ ಕೈ ನಿಲ್ಲಿಸಲಿಲ್ಲ.

"ನೀವು ತಪ್ಪು ಮಾಡಿದ್ರಿ, ಒಪ್ಕೊಂಡ್ರಿ. ನಿಮಗ ಎಲ್ಲಾರೂ ದೊಡ್ಡಾಂವ ಅಂದ್ರು. ನಾ ತಪ್ಪೇ ಮಾಡಿದ್ದಿಲ್ಲರಿ ಕಾಕಾ. ನನಗ ಯಾರೇನಂದ್ರು?"

ಅವತ್ತು ಕಾಕಾ ಕುಂತ್ರು. ಅಲ್ಲೇ ಖೋಲಿ ಮುಂದಿನ ಹೊಟ್ಟಿನ ಚೀಲದ ಮ್ಯಾಲ, ಎರಡೂ ಕೈ ಮಣಕಾಲ ಮ್ಯಾಲ ಇಟ್ಕೊಂಡು. ಒಳಗ ಪಂಪು ಹೊಡೀತಿತ್ತು, ಆ ಕಡಿ ತಿರುಗಿ ಸೈತ ನೋಡಲಿಲ್ಲ. ನನಗ ಹೆದರಿಕಿ ಆಗಿ ಚಾ ತಂದು ಕೊಟ್ಟೆ, ಹಂಗ ಆರಿ ಹೋಯ್ತು.

ಮುಂದಿನ ಸಂತಿ ದಿನ ಅವರು ಗಾಡಿ ಹತ್ತಿ ಕೆಂಭಾವಿಗೆ ಹೋದ್ರು. ನನಗೂ ಬಾ ಅಂದಿದ್ರು, "ಇಬ್ಬರು ಹೇಳಿದ್ರ ನಂಬ್ತಾರ" ಅಂತ. ಜ್ವರ ಬಂದದ ಅಂತ ಸುಳ್ಳು ಹೇಳ್ದೆ. ಅವರೊಬ್ಬರ ಹೋಗಿ ಉಳ್ಳಾಗಡ್ಡಿ ಸಾಲಿನಾಗ, ಬಳಿ ಅಂಗಡಿ ಮುಂದ, ಸಾಬಮ್ಮನ ಓಣಿ ಕಟ್ಟಿ ಮ್ಯಾಲ ನಿಂತು, ಸಿಕ್ಕವರಿಗೆಲ್ಲಾ ಹೇಳ್ಯಾರ. ಕೇಳೋರಿಗೆ ತಿಳೀಲಿ ತಿಳೀಲಾರದ ಹೋಗ್ಲಿ, ಒಂದು ಲೀಟರು ಒಂದು ಡಿಗ್ರಿ ಅಂತ ಪೂರಾ ಲೆಕ್ಕ. ಆಕಿ ಅಣ್ಣ ಫೋನ್ ಮಾಡಿ "ಯಾರವ್ವಾ ಈ ಮುದಕ, ಸಂತ್ಯಾಗ ನಿನ್ನ ಹೆಸರು ತಗೊಂಡು ಕ್ಯಾಲರಿ ಕ್ಯಾಲರಿ ಅನ್ನಾಕತ್ತಾನ" ಅಂತ ಕೇಳಿದ್ನಂತ. ಮೂರು ಸಂತಿ ಹೋದ್ರು. ಮೂರನೇ ಸಂತಿ ಆದ ಮ್ಯಾಲ ಸಾಬಮ್ಮ ಅವರ ರೊಟ್ಟಿಗೆ ಒಂದು ಬದನಿಕಾಯಿ ಪಲ್ಯದ ಡಬ್ಬಿ ತಂದು ಬಾಯ್ಲರ್ ಹತ್ರ ಇಟ್ಟು ಹೋದ್ಲು. ಅಷ್ಟೇ ರಾಜಿ.

ದೊಡ್ಡ ಪಂಪು ಬಂತು, ಬರೋ ನೀರು ಅರವತ್ತೈದಕ್ಕ ನಿಂತಿತು. ಇನ್ನೆರಡು ವರ್ಷ ಕಾಕಾ ನನ್ನ ಕೈ ಕೆಳಗ ದುಡದ್ರು. ದಿನಾ ಮುಂಜಾನಿ ಪೈಪಿಗೆ ಕೈ ಇಟ್ಟು ಡಿಗ್ರಿ ಹೇಳ್ತಿದ್ರು, ನಾ ಬರಕೊಂಡು ಸಹಿ ಮಾಡ್ತಿದ್ದೆ. ಆ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಿಟ್ಟು ಹೋಗೋ ದಿನ "ಬರೋ ಪೈಪು ಮರೀಬ್ಯಾಡ" ಅಂದ್ರು. ತಪ್ಪಾತ್ರಿ ಕಾಕಾ ಅಂತ ಹೇಳಿಬಿಡಬೇಕು ಅಂದ್ಕೊಂಡು ಗೇಟಿನತನ ಹಿಂದ ಹೋದೆ. ಅವರು ಯಾವಾಗಿನಂಗ ಜಲ್ದಿ ಜಲ್ದಿ ನಡಕೊಂಡು ಹೋಗಿ ಬಸ್ಸು ಹತ್ತಿದ್ರು.

ಹೋದ ವಾರ ಸುರಪುರಕ್ಕ ಮಣ್ಣು ಕೊಡಾಕ ಹೋದೆ. ತಿರುಗಿ ಬರುವಾಗ ಸೀದಾ ಯಾದಗಿರಿಗೆ ಹೋಗಲಿಲ್ಲ, ಮಿಲ್ಲಿನ ಮುಂದ ಬಸ್ಸು ಇಳದೆ. ಸುಗ್ಗಿ ನಡದದ, ಆರೂ ಟ್ಯಾಂಕು ತುಂಬ್ಯಾವ, ಅದಕ್ಕ ಸಾಬಮ್ಮಗ ಬರಾಕ ಆಗಿದ್ದಿಲ್ಲ. ಆರನೇ ಟ್ಯಾಂಕಿನ ಹತ್ರ ನಿಂತಿದ್ಲು. ಹೋಗಿ ಆಕಿ ಮುಂದ ನಿಂತು ಒಂದೇ ಉಸರಿಗೆ ಹೇಳ್ದೆ.

"ಸಾಬಮ್ಮಾ, ಅವತ್ತು ಕೊಡ ಹಿಡದಾಕಿ ನಾನು. ಹದಿನೈದು ಅಂತ ಹೇಳಿದಾಕಿನೂ ನಾನು. ಕಾಕಾ ಎಷ್ಟು ಹಿಡೀತದ ಅಂತ ಕೇಳಿದ್ರು, ನಾ ಅಳೀಲಾರದ ಹೇಳಿದೆ."

ಆಕಿ ವಾಲ್ ತಿರುವೋದು ಮುಗಿಸಿ, ಸೆರಗಿಲೆ ಕೈ ಒರಸ್ಕೊಂಡ್ಲು.

"ಗೊತ್ತದರಿ ಮೇಡಂ. ನನ್ನ ಕೊಡ ನೀವೇ ಅಲ್ಲೇನ್ರಿ ತಗೊಂಡದ್ದು? ನಾ ಅಲ್ಲೇ ನಿಂತಿದ್ದೆ."

"ಮತ್ತ ಆರು ವರ್ಷ ಯಾಕ ಸುಮ್ನಿದ್ದಿ?"

"ನಾ ಯಾಕ ಹೇಳಬೇಕ್ರಿ? ನನ್ನ ಮ್ಯಾಲ ಬಂದದ್ದು ನಾ ಹೊತ್ತೆ. ನಿಮ್ಮದು ನೀವು ಹೇಳ್ತೀರಿ ಅಂತ ನೋಡಿದೆ. ಕಾಕಾಗ ಒಂದು ರಾತ್ರಿ ತಡ್ಕೊಳ್ಳಾಕ ಆಗಲಿಲ್ಲ. ನೀವು ಅವರು ಸಾಯೋತನ ಕಾದ್ರಿ."